ಬಳೆಗಾರರ ಗುಂಡು, ಕಾವಲಿನ ಗೋಡೆ, ನಮ್ಮೂರ ನೋಟಿಸ್ ಬೋರ್ಡು



ಈ ವಾರ ಶೇಂಗಾ ಬೀಜೋಪಚಾರದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಹದ ಮಳೆ ಇನ್ನೂ ಆಗಿಲ್ಲ, ಬಿತ್ತನೆಗೆ ಟೈಮ್ ಇದೆ. ಅಷ್ಟರೊಳಗೆ ಬೇರೆ ಒಂದು ವಿಷಯ ಮಾತಾಡಬೇಕು. ಊರ ಅಂಚಿನ ಹೊಲದಲ್ಲಿ ಲೇಔಟ್ ಕಲ್ಲು ನೆಟ್ಟಾಗ, ರಸ್ತೆ ಪಕ್ಕದ ಮರಕ್ಕೆ ಕೆಂಪು ಬಣ್ಣದ ನಂಬರ್ ಬಿದ್ದಾಗ, "ನಮ್ಮೂರು ಪಟ್ಟಣ ಪಂಚಾಯ್ತಿ ಆಗುತ್ತಂತೆ" ಅನ್ನೋ ಸುದ್ದಿ ಹೋಟ್ಲಲ್ಲಿ ಹರಿದಾಡಿದಾಗ ನಾವು ರೈತರು ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನೋದು. ಸುಮಾರು ಜನ ಇದನ್ನೇ ಕೇಳಿ ಮೆಸೇಜ್ ಹಾಕಿದ್ದೀರಿ. ಒಬ್ಬೊಬ್ಬರಿಗೆ ಉತ್ತರ ಬರೆಯೋದಕ್ಕಿಂತ ಒಂದೇ ಸಲ ಉದ್ದಕ್ಕೆ ಬರೆದುಬಿಡ್ತೀನಿ. ಪುರುಸೊತ್ತಿನಲ್ಲಿ ಓದಿ.

ಮೊದಲು ನಮ್ಮ ಕಡೆ ಏನಾಗ್ತಿದೆ ಅಂತ ಹೇಳ್ತೀನಿ. ಜಟಿಂಗ ರಾಮೇಶ್ವರ ಬೆಟ್ಟ ಕಾಣೋ ಊರು ನಮ್ಮದು. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕು ಮಳೆ ಕಮ್ಮಿ ಸೀಮೆ. ಶೇಂಗಾ, ಕುರಿ, ಒಂದಿಷ್ಟು ಮಗ್ಗ, ಇಷ್ಟರ ಮೇಲೆ ಬದುಕು. ಹತ್ತು ವರ್ಷದ ಹಿಂದೆ ಇಲ್ಲಿ ಹೊಲದ ಮಾತು ಎಕರೆ ಲೆಕ್ಕದಲ್ಲಿತ್ತು. ಆಮೇಲೆ ಗುಂಟೆ ಲೆಕ್ಕ ಬಂತು. ಈಗ ರಸ್ತೆ ಬದಿ ಹೊಲ ಇದ್ದೋರು ಅಡಿ ಲೆಕ್ಕ ಹೇಳ್ತಾರೆ, 30-40 ಸೈಟು ಎಷ್ಟು ಬೀಳ್ತವೆ ಅಂತ. ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆ ಮೇಲೆ ಹಿರಿಯೂರಿಗೆ ಹೋಗೋ 150ಎ ಹೆದ್ದಾರಿ ಹತ್ತಿರ ಹೊಲ ಇದ್ದವರಿಗೆ ಇದು ಗೊತ್ತಿರೋದೇ.

ನಮ್ಮ ಹೊಲದ ಪಡುವಲ ಬದುವಿಗೆ ಹೊಂದಿಕೊಂಡ ಎಂಟು ಎಕರೆ ಹೋದ ವರ್ಷ ಭೂಪರಿವರ್ತನೆ ಆಯ್ತು. ಮಾರಿದವರು ನಮಗೆ ಬೇಕಾದವರೇ. ಮಗಳ ಮದುವೆ ಸಾಲ, ಮೂರು ಫೇಲಾದ ಬೋರು. ಅವರು ಮಾರಿದ್ದರಲ್ಲಿ ತಪ್ಪೇನೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಜೆಸಿಬಿ ಬಂತು, ಬದು ಒಡೆದು ಮಟ್ಟ ಮಾಡಿದರು. ಆ ಹೊಲದ ಮಧ್ಯೆ ಒಂದು ಸಣ್ಣ ಹಳ್ಳ ಇತ್ತು. ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ಹರಿಯುತ್ತೆ, ಆದರೆ ಹರಿದ ದಿನ ಕೆರೆಗೆ ಹೋಗೋದು ಅದೇ ನೀರು. ಅದರ ಮೇಲೆ ಮಣ್ಣು ಬಿತ್ತು. ಹಳ್ಳದ ದಂಡೆಗೆ ಇದ್ದ ಬಂಡಿ ದಾರಿ ಮೇಲೆ ಕಲ್ಲು ಬಂದವು. ಆ ದಾರಿಯಲ್ಲಿ ಹದಿನೆಂಟು ಮನೆಯವರು ಹೊಲಕ್ಕೆ ಹೋಗ್ತೀವಿ.

ಕೇಳೋಕೆ ಹೋದ್ರೆ ಸಿಕ್ಕ ಉತ್ತರ: "ನೋಟಿಸ್ ಹಾಕಿತ್ತಲ್ಲ, ಯಾರೂ ತಕರಾರು ಕೊಡಲಿಲ್ಲ."

ಹೌದು, ಹಾಕಿತ್ತು. ಬೋರ್ಡಿನ ಮೇಲೆ ಪಲ್ಸ್ ಪೋಲಿಯೋ ಕಾಗದದ ಕೆಳಗೆ ಇತ್ತು. ಈ ಬರಹದ ಎಲ್ಲ ಮಾತೂ ಇಲ್ಲಿಂದಲೇ ಶುರು. ನೋಟಿಸ್ ಅಂಟಿಸೋದು ಬೇರೆ, ಜನಕ್ಕೆ ತಿಳಿಸೋದು ಬೇರೆ.

ನಮ್ಮ ಬೆಟ್ಟದ ಮೇಲೇ ಇದಕ್ಕೆ ಒಂದು ಹಳೇ ಸಾಕ್ಷಿ ಇದೆ. ರಾಮೇಶ್ವರನ ಗುಡಿಗೆ ಮೆಟ್ಟಿಲು ಹತ್ತಿ ಹೋದವರು ಬಹಳ ಜನ ಇದ್ದೀರಿ. ಜಟಾಯು ಬಿದ್ದ ಜಾಗ ಅಂತ ನಂಬಿಕೆ. ಅಲ್ಲೇ ಬಂಡೆ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಈ ಸೀಮೆಯಲ್ಲಿ ಮೂರು ಶಾಸನ ಪತ್ತೆ ಮಾಡಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಒಂದೇ ಪತ್ರದ ನಕಲು ಅನ್ನಬಹುದು. ಸುವರ್ಣಗಿರಿ ಅನ್ನೋ ಊರಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಅನ್ನೋ ಅಧಿಕಾರಿಗಳಿಂದ ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಬಂದ ಪತ್ರ ಅದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯ ಹೇಳುತ್ತೆ. ಸಣ್ಣವರು ದೊಡ್ಡವರು ಎಲ್ಲರೂ ಧರ್ಮದಲ್ಲಿ ಪ್ರಯತ್ನ ಮಾಡಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ, ತಂದೆತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಹೀಗೆ. ಬರೆದವನ ಹೆಸರು ಚಪಡ ಅಂತ ಕೊನೆಗೆ ಇದೆ. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ ಮೇಲಿನ ಆಫೀಸಿಂದ ಕೆಳಗಿನ ಆಫೀಸಿಗೆ ಸುತ್ತೋಲೆ, ಕೊನೆಗೆ ಗುಮಾಸ್ತನ ಸಹಿ.

ಅದು ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಜನ ಬರುವ ಜಾಗದಲ್ಲೇ ಕೆತ್ತಿಸಿದ್ದಾರೆ, ಆದರೆ ಕಾಲ ಕಳೆದಂತೆ ಓದುವವರು ಇಲ್ಲದಂಗಾದರು. ನಮ್ಮ ಹಿರಿಯರು ಆ ಬಂಡೆಗೆ ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹಾಕಿಕೊಂಡು ಕೂರ್ತಿದ್ದರು, ಅದಕ್ಕೇ ಆ ಹೆಸರು. ಮೂರು ಶಾಸನಗಳಲ್ಲಿ ಹೆಚ್ಚು ಸವೆದು ಹೋಗಿರೋದೂ ಇದೇ. ಚಕ್ರವರ್ತಿಯ ನೋಟಿಸಿನ ಮೇಲೆ ಬಳೆ ಅಂಗಡಿ ಕೂತಿತ್ತು. ಬಳೆಗಾರರದ್ದೇನು ತಪ್ಪು? ಓದಿ ಹೇಳುವವರು ಇಲ್ಲದಿದ್ದರೆ ಬಂಡೆ ಬಂಡೆಯೇ.

ಆಗ ಕಲ್ಲು, ಈಗ ಕಾಗದ, ನಾಳೆ ವೆಬ್‌ಸೈಟು. ಓದಿ ಹೇಳುವವರು ಯಾರು ಅನ್ನೋ ಪ್ರಶ್ನೆ ಮಾತ್ರ ಹಂಗೇ ಇದೆ.

ಇನ್ನು ದೊಡ್ಡ ಉದಾಹರಣೆಗೆ ಬರೋಣ. ಬೆಟ್ಟದಿಂದ ದಕ್ಷಿಣಕ್ಕೆ ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನದ ಇಲಾಖೆಗೆ ಬೆಣ್ಣೆ ಚಾವಡಿ ಅಂತಿದ್ರು, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಅಂತ ಆಯ್ತು. ಸೈನ್ಯದ ಸಾಮಾನು ಎಳೆಯೋ ಎತ್ತುಗಳಿಗೆ ಮೇವು ಬೇಕು ಅಂತ ಹುಲ್ಲುಗಾವಲು ಕಾದಿಟ್ಟಿದ್ರು. ಸೈನ್ಯ ಹೋಯ್ತು, ಕಾವಲು ಉಳೀತು. ದೊಡ್ಡ ಉಳ್ಳಾರ್ತಿ, ವರವು, ಕುದಾಪುರ ಸುತ್ತಮುತ್ತ ಹತ್ತಾರು ಹಳ್ಳಿಯ ಕುರಿ, ದನ ಅಲ್ಲೇ ಮೇಯ್ತಿದ್ದವು. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನ ಕಾಯೋ ಕಿಲಾರಿಗಳು, ಕುರಿ ಉಣ್ಣೆಯಿಂದ ಕಂಬಳಿ ನೇಯೋ ಮನೆಗಳು, ಇವೆಲ್ಲ ಆ ಹುಲ್ಲಿಗೆ ಕಟ್ಟಿಕೊಂಡ ಬದುಕುಗಳು. ಕೃಷ್ಣಮೃಗಗಳೂ ಇದ್ದವು.

2007ರಿಂದ 2010ರ ಒಳಗೆ ಸುಮಾರು 10,000 ಎಕರೆಯಷ್ಟು ಈ ಜಾಗ ಬೇರೆ ಬೇರೆ ಸಂಸ್ಥೆಗಳಿಗೆ ಮಂಜೂರಾಯ್ತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಜತೆಗೆ ಇಸ್ರೋಗೆ, ಒಂದು ಸೋಲಾರ್ ಕಂಪನಿಗೆ. ಸುತ್ತಲ ಹಳ್ಳಿಗಳವರಿಗೆ ಸುದ್ದಿ ಗಟ್ಟಿಯಾಗಿ ತಿಳಿದದ್ದು ಬೇಲಿ, ಗೋಡೆ ಏಳೋಕೆ ಶುರುವಾದ ಮೇಲೆ. ಆಮೇಲೆ ಹೋರಾಟ ಸಮಿತಿ, ಧರಣಿ, ಹೈಕೋರ್ಟು, ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನ್ಯಾಯಮಂಡಳಿಯ ತೀರ್ಪು ಬಂದದ್ದು 2014ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಗೋಡೆ ಎದ್ದು ನಿಂತಿತ್ತು.

ಅಲ್ಲಿ ಆಗಿರೋ ಕೆಲಸ ಸಣ್ಣದು ಅಂತ ನಾನು ಹೇಳಲ್ಲ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆ ಇರೋ ವಾಹನವನ್ನ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು, ಅದು ತಾನಾಗೇ ಬಂದು ಡಿಆರ್‌ಡಿಒ ರನ್‌ವೇ ಮೇಲೆ ಇಳೀತು. ದೇಶ ಎಲ್ಲ ನೋಡಿತು. ಕುದಾಪುರದ ವಿಜ್ಞಾನ ಸಂಸ್ಥೆ ಆವರಣದಲ್ಲಿ ಊರ ಶಾಲೆಗಳ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ. ಒಳ್ಳೆಯದೇ. ಹಂಗಂತ ಕುರಿ ಹಿಂದೆ ನಡೆಯೋ ಮನುಷ್ಯನಿಗೆ ಒಂದು ಮಾತು ಮೊದಲೇ ಹೇಳಿದ್ದರೆ ರಾಕೆಟ್ ಇಳಿಯೋದೇನೂ ನಿಲ್ತಿರಲಿಲ್ಲ. ಗೋಡೆಯಲ್ಲಿ ಎಲ್ಲಿ ದಾರಿ ಬಿಡಬೇಕು, ಯಾವ ಕೆರೆಗೆ ನೀರು ಎಲ್ಲಿಂದ ಬರುತ್ತೆ, ದೇವರ ಎತ್ತು ಎಲ್ಲಿ ನೀರು ಕುಡೀತವೆ ಅನ್ನೋದು ನಕ್ಷೆ ಬರೆಯುವಾಗಲೇ ಗೊತ್ತಾಗ್ತಿತ್ತು.

ಇಷ್ಟು ದೊಡ್ಡ ಜಾಗ ಹೋಗುವಾಗ ಯಾಕೆ ಯಾರಿಗೂ ಜನ ಕಾಣಲಿಲ್ಲ? ನನ್ನ ಲೆಕ್ಕದಲ್ಲಿ ಕಾರಣ ಸರಳ. ಕಾಗದದಲ್ಲಿ ಅದು ಖಾಲಿ ಜಾಗ. ಬೆಳೆ ಕಾಲಂ ಖಾಲಿ, ಸಾಗುವಳಿದಾರರ ಹೆಸರು ಇಲ್ಲ. ಹುಲ್ಲು ಮೇಯೋ ಕುರಿ ಪಹಣಿಯಲ್ಲಿ ಬರಲ್ಲ. ವರ್ಷಕ್ಕೆ ನಾಲ್ಕು ದಿನ ಹರಿಯೋ ಹಳ್ಳ ಬೇಸಿಗೆಯಲ್ಲಿ ಬಂದ ಸರ್ವೇಯರಿಗೆ ತಗ್ಗು ಅಷ್ಟೇ. ನಾವು ಬಳಸ್ತೀವಿ, ಬರೆಸಲ್ಲ. ಬರೆಸದೇ ಇರೋದನ್ನ ಸರ್ಕಾರ ಇಲ್ಲ ಅಂತಲೇ ಓದುತ್ತೆ.

ಈಗ ಊರ ಅಂಚಿಗೆ ಬರ್ತಿರೋ ಲೇಔಟು, ಬೈಪಾಸು, ಪಟ್ಟಣ ಪಂಚಾಯ್ತಿಗೂ ಇದೇ ಮಾತು. ಅಲ್ಲಿ ಹತ್ತು ಸಾವಿರ ಎಕರೆ, ಇಲ್ಲಿ ಎಂಟು ಎಕರೆ. ರೀತಿ ಒಂದೇ.

ಇದನ್ನ ಮನೆಯಲ್ಲಿ ಹೇಳ್ತಾ ಕೂತಾಗ ನನ್ನ ತಮ್ಮನ ಮಗ ಸಿಟ್ಟಾದ. ಅವನು ಬಳ್ಳಾರಿಯಲ್ಲಿ ಕೆಲಸ ಮಾಡಿ ಬಂದವನು, ಈಗ ಹೈವೇಲಿ ಟೈರ್ ಅಂಗಡಿ ಹಾಕೋ ಯೋಚನೆಯಲ್ಲಿದ್ದಾನೆ.

"ದೊಡ್ಡಪ್ಪ, ನೀನು ಎಲ್ಲಾದಕ್ಕೂ ಅಡ್ಡ ಹಾಕ್ತೀಯ. ಲೇಔಟ್ ಬಂದ್ರೆ ಅಂಗಡಿ ಬರ್ತವೆ, ಆಸ್ಪತ್ರೆ ಬರ್ತೈತೆ. ಮಳೆ ನಂಬಿ ಶೇಂಗಾ ಹಾಕಿ ನೀನು ಎಷ್ಟು ವರ್ಷ ಲಾಭ ಮಾಡಿದಿ? ಬೆರಳು ಮಡಚಿ ಹೇಳು ನೋಡೋಣ."

ಬೆರಳು ಮಡಚಿದೆ. ಒಂದು ಕೈ ಸಾಕಾಯ್ತು. ಅವನ ಮಾತಲ್ಲಿ ಸುಳ್ಳಿಲ್ಲ.

"ಲೇಔಟ್ ಬೇಡ ಅಂತ ನಾನು ಅಂದಿಲ್ಲಪ್ಪ" ಅಂದೆ. "ಹಳ್ಳ ಮುಚ್ಚಿದ್ರೆ ಮಳೆ ನೀರು ಎಲ್ಲಿಗೆ ಹೋಗ್ತೈತೆ ಹೇಳು. ಕೆರೆಗೆ ಹೋಗಲ್ಲ. ಸೈಟು ತಗೊಂಡು ಮನೆ ಕಟ್ಟಿದವನ ಅಡುಗೆಮನೆಗೆ ಹೋಗ್ತೈತೆ. ನಾಳೆ ಅವನೂ ನಿನ್ನ ಅಂಗಡಿ ಗಿರಾಕಿನೇ ಅಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದು, "ದಿಶಾಂಕ್ ಆಪಲ್ಲಿ ಸರ್ವೆ ನಂಬರ್ ತೋರಿಸ್ತೈತೆ, ಹಳ್ಳ ಯಾವ ನಂಬರಲ್ಲಿ ಬರ್ತೈತೆ ನೋಡಾಣ" ಅಂದ. ಅಲ್ಲಿಂದ ಕೆಲಸ ಶುರು ಆಯ್ತು. ಆ ಕೆಲಸದ ಕ್ರಮ ನಿಮಗೂ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಮೊದಲನೇದು, ಗ್ರಾಮ ನಕಾಶೆ. ಕಂದಾಯ ಇಲಾಖೆ ವೆಬ್‌ಸೈಟಿನಲ್ಲಿ ಊರಿನ ನಕಾಶೆ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಹಳ್ಳ, ಕಾಲುದಾರಿ, ಬಂಡಿ ದಾರಿ, ಕೆರೆ ಎಲ್ಲ ಗುರುತು ಹಾಕಿರ್ತಾರೆ. ದೊಡ್ಡದಾಗಿ ಪ್ರಿಂಟ್ ತೆಗೆಸಿ. ನಮ್ಮ ಹಳ್ಳ ಅದರಲ್ಲಿ ಇತ್ತು. ದಾರಿ ಅರ್ಧ ಇತ್ತು, ಇನ್ನರ್ಧ ಇರಲಿಲ್ಲ.

ಎರಡನೇದು, ಪಹಣಿಯ 3ನೇ ಕಾಲಂ. ಅಲ್ಲಿ ಖರಾಬು ಅಂತ ಇರುತ್ತೆ, 'ಎ' ಮತ್ತು 'ಬಿ'. 'ಎ' ಖರಾಬು ಅಂದ್ರೆ ಸಾಗುವಳಿಗೆ ಬಾರದ ಜಾಗ, ಅದು ಹೊಲದವರದ್ದೇ. 'ಬಿ' ಖರಾಬು ಅಂದ್ರೆ ಹಳ್ಳ, ದಾರಿ, ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟಿರೋದು. ಅದು ಮಾರಿದವರದ್ದೂ ಅಲ್ಲ, ಕೊಂಡವರದ್ದೂ ಅಲ್ಲ. ಪಕ್ಕದ ಹೊಲದ ಪಹಣಿಯಲ್ಲಿ 'ಬಿ' ಖರಾಬು 11 ಗುಂಟೆ ಅಂತ ಇತ್ತು. ಇದೇ ನಮ್ಮ ಹಳ್ಳ. ಲೇಔಟ್ ನಕ್ಷೆಯಲ್ಲಿ ಅದರ ಮೇಲೆ ಮೂರು ಸೈಟು ಬರೆದಿದ್ದರು.

ಮೂರನೇದು, ನಕಾಶೆಯಲ್ಲಿ ಇಲ್ಲದ ದಾರಿ. ಅದಕ್ಕೆ 1882ರ ಅನುಭೋಗದ ಹಕ್ಕಿನ ಕಾಯ್ದೆ ಇದೆ. 20 ವರ್ಷ ಬಿಡದೆ, ಹಕ್ಕಿನಿಂದ, ಎಲ್ಲರಿಗೂ ಕಾಣೋ ಹಂಗೆ ಓಡಾಡಿದ ದಾರಿಗೆ ಹಕ್ಕು ಬರುತ್ತೆ. ಆದರೆ ಅದನ್ನ ನಾವು ರುಜುವಾತು ಮಾಡಬೇಕು. ಹಳೇ ಕ್ರಯಪತ್ರದ ಚಕ್ಕುಬಂದಿ ಹುಡುಕಿ. ನಮ್ಮ ಓಣಿಯ ಯಜಮಾನರೊಬ್ಬರ ಟ್ರಂಕಿನಲ್ಲಿ ಒಂದು ಹಳೇ ಕ್ರಯಪತ್ರ ಸಿಕ್ತು. ಅದರಲ್ಲಿ "ಪೂರ್ವಕ್ಕೆ ಬಂಡಿ ದಾರಿ" ಅಂತ ಇತ್ತು. ಆ ಒಂದು ಸಾಲು ಹತ್ತು ಜನರ ಜಗಳಕ್ಕಿಂತ ಜಾಸ್ತಿ ಕೆಲಸ ಮಾಡ್ತು.

ನಾಲ್ಕನೇದು, ಗೋಮಾಳ. ನಿಯಮದ ಪ್ರಕಾರ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು. ಯಾರಾದರೂ "ನಿಮ್ಮೂರಲ್ಲಿ ಹೆಚ್ಚುವರಿ ಗೋಮಾಳ ಇದೆ" ಅಂದ್ರೆ ದನ ಎಣಿಸಿದವರು ಯಾರು, ಯಾವ ವರ್ಷ ಎಣಿಸಿದ್ದು ಅಂತ ಕೇಳಿ. ಪಶುವೈದ್ಯ ಇಲಾಖೆ ಲೆಕ್ಕ ಕೇಳಿ ತಗೊಳ್ಳಿ.

ಐದನೇದು, ದಿನಾಂಕ. ಪ್ರತಿ ನೋಟಿಸಿಗೂ ಒಂದು ಗಡುವು ಇರುತ್ತೆ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕು ಅಂದ್ರೆ 1956ರ ಕಾಯ್ದೆಯ 3ಎ ಅಧಿಸೂಚನೆ ಬರುತ್ತೆ, ಆಕ್ಷೇಪಣೆಗೆ 21 ದಿನ. 2013ರ ಭೂಸ್ವಾಧೀನ ಕಾಯ್ದೆಯಲ್ಲಾದರೆ 60 ದಿನ, ಮತ್ತು ಅದರ ಪ್ರಕಟಣೆ ಊರ ಭಾಷೆಯಲ್ಲೇ ಪಂಚಾಯ್ತಿಯಲ್ಲಿ ಹಾಕಬೇಕು. ಗಡುವು ದಾಟಿದ ಮೇಲೆ ಎಷ್ಟು ನಿಜ ಹೇಳಿದರೂ ಅದು ಬರೀ ಮಾತು. ಮಾಹಿತಿ ಹಕ್ಕು ಅರ್ಜಿ ಹಾಕಿದರೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಪುರಾಣ ಬರೆಯಬೇಡಿ. "ಇಂಥ ಸರ್ವೆ ನಂಬರಿನ ಪರಿವರ್ತನೆ ಆದೇಶ ಮತ್ತು ಅನುಮೋದಿತ ಲೇಔಟ್ ನಕ್ಷೆಯ ನಕಲು ಕೊಡಿ", ಇಷ್ಟು ಸಾಕು.

ಇದೆಲ್ಲ ಇಟ್ಟುಕೊಂಡು ವಾರ್ಡ್ ಸಭೆಗೆ ಹೋದ್ವಿ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಆರು ತಿಂಗಳಿಗೊಮ್ಮೆಯಾದರೂ ಮಾಡಲೇಬೇಕು. ಸಾಮಾನ್ಯವಾಗಿ ಹದಿನೈದು ಜನ, ಒಂದು ಟೀ, ಸಹಿ, ಮುಗೀತು. ಈ ಸಲ ಹಿಂದಿನ ದಿನ ಸಂಜೆ ತಮಟೆ ಹೊಡೆಸಿದ್ವಿ. ಮೊದಲೆಲ್ಲ ಊರ ಸುದ್ದಿ ಹಂಗೇ ತಿಳೀತಿದ್ದದ್ದು. ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ನೋಡಿದವರು ನೋಡ್ತಾರೆ, ತಮಟೆ ಆದ್ರೆ ಕಿವಿ ಇದ್ದೋರಿಗೆಲ್ಲ ಕೇಳುತ್ತೆ. ಹೆಣ್ಣುಮಕ್ಕಳೇ ನಲವತ್ತು ಜನ ಬಂದರು.

ಒಬ್ಬೊಬ್ಬರ ಚಿಂತೆ ಒಂದೊಂದು. ಎಪ್ಪತ್ತು ದಾಟಿದ ಅಜ್ಜಿ, ಹದಿನಾರು ಕುರಿ ಇದಾವೆ, ಎದ್ದು ನಿಂತು, "ನನ್ ಕುರಿ ಯಾವ್ ದಾರೀಲಿ ಹೋಗ್ಬೇಕು, ಅಷ್ಟು ಹೇಳಪ್ಪ, ನಾನು ಹೋಗ್ತೀನಿ" ಅಂದ್ಲು. ಮಗ್ಗದ ಮನೆಯ ಅಕ್ಕ ಕೇಳಿದ್ದು ಬಚ್ಚಲು ನೀರಿನದ್ದು: ಇನ್ನೂರು ಮನೆ ಬಂದ್ರೆ ಅವರ ನೀರು ನಮ್ಮ ಓಣಿಗೆ ಇಳಿಯುತ್ತೆ, ಮಗ್ಗದ ಗುಂಡಿಯಲ್ಲಿ ಜಲ ಎದ್ರೆ ಸೀರೆ ಹಾಳು. ವಾಟರ್‌ಮ್ಯಾನ್ ಹೇಳಿದ: ಇರೋದು ಎರಡು ಬೋರು, ಒಂದು ಟ್ಯಾಂಕು, ಈಗಲೇ ಎರಡು ದಿನಕ್ಕೊಂದು ಸಲ ಬಿಡ್ತಿದ್ದೀನಿ. ಸೈಟು ಕೊಂಡ ಒಬ್ಬರು ಪಕ್ಕದೂರಿಂದ ಬಂದಿದ್ದರು. ಅವರದ್ದೂ ಚಿಂತೆಯೇ. ರಸ್ತೆ, ಪಾರ್ಕ್ ಜಾಗ ಪಂಚಾಯ್ತಿ ಹೆಸರಿಗೆ ಬಿಟ್ಟುಕೊಟ್ಟಿದ್ದಾರಾ, ನನಗೆ ಫಾರಂ 9, 11ಎ ಸಿಗುತ್ತಾ ಅಂತ. ಅವರನ್ನ ನೋಡಿದ ಮೇಲೆ ನಮ್ಮ ಜನಕ್ಕೂ ಅನ್ನಿಸ್ತು, ಇದು ರೈತರು ಒಂದು ಕಡೆ, ಸೈಟಿನವರು ಇನ್ನೊಂದು ಕಡೆ ಅನ್ನೋ ಜಗಳ ಅಲ್ಲ ಅಂತ.

ನಾವು ಬಿಡದೆ ಕೇಳಿದ್ದು ಒಂದೇ. ಇಷ್ಟನ್ನೂ ನಡವಳಿ ಪುಸ್ತಕದಲ್ಲಿ ಬರೀರಿ. ಸರ್ವೆ ನಂಬರ್ ಹಾಕಿ, ಗುಂಟೆ ಹಾಕಿ, ಎಷ್ಟು ಮನೆಗೆ ದಾರಿ ಅಂತ ಹಾಕಿ ಬರೀರಿ. ಬರೆದದ್ದನ್ನ ಅಲ್ಲೇ ಜೋರಾಗಿ ಓದಿಸಿದ್ವಿ. ಆಮೇಲೆ ಸಹಿ, ಹೆಬ್ಬೆಟ್ಟು. ಅದರ ನಕಲು ಇಟ್ಟು ಹದ್ದುಬಸ್ತಿಗೆ ಅರ್ಜಿ ಹಾಕಿದ್ವಿ, ತಹಸೀಲ್ದಾರ್ ಆಫೀಸಿಗೂ ಕೊಟ್ವಿ.

ಇವತ್ತಿನವರೆಗೆ ಆಗಿರೋದು ಇಷ್ಟು. ಸರ್ವೇಯರು ಬಂದು ಅಳೆದು 11 ಗುಂಟೆ ಗುರುತು ಹಾಕಿದ್ದಾರೆ. ಮೂರು ಸೈಟು ನಕ್ಷೆಯಿಂದ ಹೋಗಬೇಕು ಅಂತ ಬಾಯಿಮಾತಲ್ಲಿ ಒಪ್ಪಿದ್ದಾರೆ, ಕಾಗದ ಇನ್ನೂ ಕೈಗೆ ಬಂದಿಲ್ಲ. ಹಳ್ಳದ ಮಣ್ಣು ಅರ್ಧ ತೆಗೆದು ಎರಡು ಸಿಮೆಂಟ್ ಪೈಪು ಹಾಕಿದ್ದಾರೆ. ಅಷ್ಟು ಪೈಪು ಸಾಕಾ ಅನ್ನೋದನ್ನ ಮೊದಲ ದೊಡ್ಡ ಮಳೆ ಹೇಳುತ್ತೆ. ಬಂಡಿ ದಾರಿ ಟ್ರ್ಯಾಕ್ಟರ್ ಹೋಗುವಷ್ಟು ಬಿಟ್ಟಿದ್ದಾರೆ, ಎದುರಿಗೆ ಇನ್ನೊಂದು ಬಂದ್ರೆ ಹಿಂದಕ್ಕೆ ತಗೋಬೇಕು. ಕುರಿ ದಾರಿ ಮತ್ತು ಬಚ್ಚಲು ನೀರಿನ ವಿಷಯ "ಪರಿಶೀಲನೆಯಲ್ಲಿದೆ". ಗೆದ್ದೆವು ಅಂತ ಹೇಳೋಕೆ ಬರಲ್ಲ. ಪುಸ್ತಕದಲ್ಲಿ ಮಾತ್ರ ಬರೆದಿದೆ.

ಕೊನೆಯದಾಗಿ ಪಟ್ಟಣ ಪಂಚಾಯ್ತಿ ವಿಚಾರ. ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಜನಸಂಖ್ಯೆ 10,000 ದಾಟಿದ ಊರು ಪಟ್ಟಣ ಪಂಚಾಯ್ತಿ ಆಗಬಹುದು, 20,000 ದಾಟಿದ್ರೆ ಪುರಸಭೆ, 50,000 ದಾಟಿದ್ರೆ ನಗರಸಭೆ. ನಮ್ಮ ಕಡೆ ಮೊಳಕಾಲ್ಮೂರು, ನಾಯಕನಹಟ್ಟಿ ಪಟ್ಟಣ ಪಂಚಾಯ್ತಿಗಳು, ಚಳ್ಳಕೆರೆ ನಗರಸಭೆ. ಪಟ್ಟಣ ಆದ್ರೆ ಬೀದಿದೀಪ, ಚರಂಡಿ, ಕಸದ ಗಾಡಿಗೆ ಬೇರೆ ಅನುದಾನ ಬರುತ್ತೆ, ನಿಜ. ಹಳ್ಳಿಗೆ ಅಂತ ಇರೋ ಉದ್ಯೋಗ ಖಾತ್ರಿ ಕೂಲಿ ಹೋಗುತ್ತೆ, ಕಂದಾಯದ ಲೆಕ್ಕ ಬದಲಾಗುತ್ತೆ, ಇದೂ ನಿಜ. ಇವನ್ನ ಎಲ್ಲರೂ ಮಾತಾಡ್ತಾರೆ.

ಮಾತಾಡದೇ ಇರೋದು ಒಂದಿದೆ. ಪಟ್ಟಣ ಆದ ದಿನ ಗ್ರಾಮ ಸಭೆ ಹೋಗುತ್ತೆ. ಹಳ್ಳಿಯಲ್ಲಿ ಮತದಾರ ಅಂತ ಇದ್ದವರೆಲ್ಲ ಗ್ರಾಮ ಸಭೆಯ ಸದಸ್ಯರೇ. ಆ ಅಜ್ಜಿ ಎದ್ದು ನಿಂತು ಕೇಳಿದ್ದು ಯಾರ ದಯೆಯಿಂದಲೂ ಅಲ್ಲ. ಪಟ್ಟಣದಲ್ಲಿ ಕೌನ್ಸಿಲರ್‌ಗಳು ಸಭೆ ಮಾಡ್ತಾರೆ. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿರೋದು 3 ಲಕ್ಷ ಜನಸಂಖ್ಯೆ ಮೇಲಿನ ನಗರಗಳಿಗೆ ಮಾತ್ರ. ಹದಿನೈದು ಸಾವಿರ ಜನರ ಪಟ್ಟಣ ಆ ಲೆಕ್ಕಕ್ಕೆ ಬರಲ್ಲ. ಅಂದ್ರೆ ಊರು ಜೋರಾಗಿ ಬದಲಾಗುವ ಕಾಲ ಮತ್ತು ಊರ ಜನಕ್ಕೆ ಎದ್ದು ನಿಂತು ಕೇಳುವ ಹಕ್ಕು ಕೈ ತಪ್ಪುವ ಕಾಲ, ಎರಡೂ ಒಂದೇ ಆಗಿಬಿಡುತ್ತೆ. ಅದಕ್ಕೇ ನಾನು ಹೇಳೋದು, ಗ್ರಾಮ ಸಭೆ ಇರುವಾಗಲೇ ಬರೆಸಬೇಕಾದ್ದನ್ನ ಬರೆಸಿ. ಹಳ್ಳ, ದಾರಿ, ಗೋಮಾಳ, ಸ್ಮಶಾನ, ಕೆರೆ ಅಂಗಳ, ಕಣ, ದೇವರ ಎತ್ತು ನಿಲ್ಲೋ ಜಾಗ, ಎಲ್ಲಾನೂ. ನಾಳೆ ಆಫೀಸಿನ ಬೋರ್ಡು ಬದಲಾದರೂ ಪುಸ್ತಕದ ಆ ಪುಟ ಇರುತ್ತೆ. ಹೊಸದಾಗಿ ಬಂದ ಅಧಿಕಾರಿಗೆ ತೋರಿಸೋಕೆ ನಮ್ಮ ಕೈಯಲ್ಲಿ ಏನೋ ಒಂದು ಇರುತ್ತೆ. ಪಟ್ಟಣ ಮಾಡೋ ಮುಂಚೆ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೀತಾರೆ. ಆ ದಿನಾಂಕಾನೂ ಕಣ್ಣಿಟ್ಟು ಕಾಯಿರಿ.

ನಮ್ಮೂರಲ್ಲಿ ಈಗ ಒಂದು ಏರ್ಪಾಡು ಮಾಡಿಕೊಂಡಿದ್ದೀವಿ. ಪ್ರತಿ ಸೋಮವಾರ ಇಬ್ಬರು ಪಂಚಾಯ್ತಿಗೆ ಹೋಗಿ ಬೋರ್ಡಿನ ಮೇಲಿರೋ ಎಲ್ಲ ಕಾಗದದ ಫೋಟೋ ತೆಗೆದು ಬರ್ತಾರೆ, ಕೆಳಗಿರೋ ಕಾಗದ ಎತ್ತಿ ನೋಡಿ. ಸಂಜೆ ಹಾಲಿನ ಡೈರಿ ಹತ್ತಿರ ಒಬ್ಬರು ಓದಿ ಹೇಳ್ತಾರೆ. ಹಾಲು ಹಾಕೋಕೆ ಬಂದವರೆಲ್ಲ ಕೇಳ್ತಾರೆ. ಈ ವಾರದ ಪಾಳಿ ನನ್ನ ತಮ್ಮನ ಮಗನದ್ದು. ಹೋದ ವಾರ ಮಗ್ಗದ ಮನೆ ಅಕ್ಕ ಓದಿದಳು. ಖರ್ಚು ಏನೂ ಇಲ್ಲ. ನಿಮ್ಮೂರಲ್ಲೂ ಮಾಡಿ ನೋಡಿ.

ನಿಮ್ಮ ಹೊಲದ ಪಹಣಿಯಲ್ಲಿ, ಪಕ್ಕದ ಹೊಲದ ಪಹಣಿಯಲ್ಲಿ 'ಬಿ' ಖರಾಬು ಎಷ್ಟಿದೆ ಅಂತ ಈ ವಾರವೇ ನೋಡಿಕೊಳ್ಳಿ. ಅರ್ಥ ಆಗದಿದ್ದರೆ ಕಾಮೆಂಟಿನಲ್ಲಿ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ. ಸರ್ವೆ ನಂಬರ್, ಹೆಸರು ಮಾತ್ರ ಹಾಕಬೇಡಿ.

ಬೀಜೋಪಚಾರ ಮುಂದಿನ ವಾರ. ಶೇಂಗಾ ಕಾಯಿ ಈಗಲೇ ಒಡೆದು ಇಟ್ಟುಕೊಳ್ಳಬೇಡಿ, ಬಿತ್ತನೆಗೆ ನಾಲ್ಕೈದು ದಿನ ಇದ್ದಾಗ ಒಡೆದರೆ ಸಾಕು.